ಪಾಳಿಯ ಫೋನು

ಶಿವರಾತ್ರಿ ಆಗಿ ಎಂಟು ದಿನವಾಗಿತ್ತು. ಚಳಿ ಹೊಳೆ ದಾಟಿ ಹೋಗಿತ್ತು. ಬಿಸಿಲು ಮಾತ್ರ ಇನ್ನೂ ಪೂರ್ತಿ ಮೈಗೆ ಹತ್ತಿರಲಿಲ್ಲ. ಜುಗೂಳದ ಕೆಳಗಿನ ಹೊಲಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಗುಡಿಸಲು ಕಿತ್ತುಕೊಂಡು ಹೋಗಿದ್ದವು. ಕಡಿದ ಬುಡಗಳಿಂದ ಕುಳೆ ಒಡೆದು ಗೇಣುದ್ದ ಹಸಿರು ಎದ್ದಿತ್ತು. ದಶರಥ ತನ್ನ ಎರಡು ಎಕರೆಯಲ್ಲಿ ಕಬ್ಬಿನ ಒಣಗಿದ ಗರಿ, ರವದಿಯನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹಾಕುತ್ತಿದ್ದ. ಅವನ ಹಿಂದೆ ಹೆಂಡತಿ ಅಕ್ಕುತಾಯಿ ಕಚ್ಚೆ ಬಿಗಿದು, ಉಡಿಯಲ್ಲಿದ್ದ ಯೂರಿಯಾವನ್ನು ಮುಷ್ಟಿ ಮುಷ್ಟಿ ತೆಗೆದು ಬುಡಕ್ಕೆ ಒಗೆಯುತ್ತ ಬರುತ್ತಿದ್ದಳು.

"ಒಣ ನೆಲಕ್ಕ ಒಗೀಲಿಕತ್ತೇನಿ. ಆಮ್ಯಾಲ ನೀರು ಬರಲಿಲ್ಲಂದ್ರ ನನ್ನ ಬೈಬ್ಯಾಡ್ರಿ," ಎಂದಳು.

"ಯಾಕ ಬರೂದಿಲ್ಲ? ಹನ್ನೆರಡಕ್ಕ ನಮ್ಮ ಪಾಳಿ. ಫೋನು ಬರ್ತೈತಿ, ನೀರು ಬರ್ತೈತಿ."

"ಬಂದ್ರ ಚೊಲೋ."

ದಶರಥನ ಎಡಗೈ ಮೊಳಕೈಯಲ್ಲಿ ಬಾಗಿಯೇ ಇರುತ್ತಿತ್ತು. ನಾಲ್ಕು ವರ್ಷದಿಂದ ಅದು ಪೂರ್ತಿ ಚಾಚುತ್ತಿರಲಿಲ್ಲ. ರವದಿ ಎಳೆಯುವುದಕ್ಕೆ ಆ ಬಾಗು ಒಂದು ಕೊಕ್ಕೆಯ ಹಾಗೆ ಉಪಯೋಗಕ್ಕೆ ಬರುತ್ತದೆಂದು ಅವನೇ ಒಮ್ಮೊಮ್ಮೆ ಚೇಷ್ಟೆ ಮಾಡುತ್ತಿದ್ದ. ಅಕ್ಕುತಾಯಿ ಆ ಮಾತಿಗೆ ಎಂದೂ ನಕ್ಕವಳಲ್ಲ.

ಅವರ ಹೊಲಕ್ಕೂ ಕೃಷ್ಣೆಗೂ ನಡುವೆ ಎರಡು ಮೈಲಿ. ದಂಡೆಯ ಮೇಲೆ ಹೊಳೆಯ ನೀರು ಇಳಿಯುವ ಬಾವಿ, ಜಾಕ್‌ವೆಲ್ಲು, ಅದರಲ್ಲಿ ಮೋಟರು. ಅಲ್ಲಿಂದ ನೆಲದೊಳಗೆ ಪೈಪು. ನಾಲ್ಕು ಮನೆಯವರ ಪಾಲಿನದು. ಪೈಪಿನ ಕಾಲುವೆ ತೋಡುವಾಗ ದಶರಥನ ಅಪ್ಪ ಮೂರು ಬೇಸಿಗೆ ಕೂಲಿ ಇಲ್ಲದೆ ದುಡಿದಿದ್ದ. ಆ ದುಡಿಮೆಗೇ ಅವರ ಮನೆಗೊಂದು ಪಾಲು ಸಿಕ್ಕಿದ್ದು. ಮನೆಗೆ ಮೂರು ದಿನದ ಪಾಳಿ. ಮೋಟರಿನ ಪೆಟ್ಟಿಗೆಯೊಳಗೆ ಒಂದು ಸಿಮ್ಮು ಇತ್ತು. ಮೆಸೇಜು ಕಳಿಸಿದರೆ ಮೋಟರು ಹತ್ತುತ್ತಿತ್ತು, ಇನ್ನೊಂದು ಮೆಸೇಜಿಗೆ ನಿಲ್ಲುತ್ತಿತ್ತು. ಆದರೆ ಅದು ಒಂದೇ ಒಂದು ನಂಬರಿನ ಮಾತು ಕೇಳುತ್ತಿತ್ತು. ಅದಕ್ಕೆಂದೇ ನಾಲ್ಕೂ ಮನೆಯವರು ಕೂಡಿ ಒಂದು ಫೋನು ಕೊಂಡಿದ್ದರು. ಆ ಫೋನಿಗೆ ಒಡೆಯನೆಂಬುವವನಿರಲಿಲ್ಲ, ಪಾಳಿ ಇತ್ತು. ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿ ಹಾಕಿದ ಆ ಫೋನು ಮೂರು ದಿನಕ್ಕೊಮ್ಮೆ ನಡು ಮಧ್ಯಾಹ್ನ ಮನೆಯಿಂದ ಮನೆಗೆ ನಡೆಯುತ್ತಿತ್ತು. ಅದು ಯಾರ ಕೈಯಲ್ಲಿರುತ್ತದೋ ಹೊಳೆ ಅವರದು.

ದಶರಥನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಕಾಗವಾಡದ ಸೊಸೈಟಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಮಗಳು ಸಾರಿಕಾ ಅವನಿಗೆ ಚಿತ್ರದ ಗುರುತು ಹೇಳಿಕೊಟ್ಟಿದ್ದಳು. ನೀಲಿ ಚಿತ್ರ ಒತ್ತಬೇಕು. ಒಳಗೆ ಮೇಲಿನ ಹೆಸರು ಮೋಟರಿನದು. ಅದರೊಳಗೆ ಹಿಂದಿನ ಸಲ ಕಳಿಸಿದ ಎರಡಕ್ಷರದ ಮಾತು. ಅದನ್ನೇ ಮತ್ತೆ ಕಳಿಸಬೇಕು. ಅಷ್ಟೇ ಅವನಿಗೆ ಗೊತ್ತಿದ್ದದ್ದು, ಅಷ್ಟು ಸಾಕಾಗಿತ್ತು.

ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ವಿರುಪಾಕ್ಷಪ್ಪನ ಮಗ ವಿಶಾಲ ಬೈಕಿನ ಮೇಲೆ ಬಂದ. ವಿರುಪಾಕ್ಷಪ್ಪನದು ಹದಿನಾಲ್ಕು ಎಕರೆ. ಕಬ್ಬು, ದ್ರಾಕ್ಷಿ ಪಡ, ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಶೆಡ್ಡು ಎಲ್ಲ ಇತ್ತು. ವಿಶಾಲ ಬೈಕು ಬಂದ್ ಮಾಡಲಿಲ್ಲ. ಒಡ್ಡಿನ ಮೇಲಿಂದಲೇ ಫೋನು ಎಸೆದ. ದಶರಥ ಹಿಡಿಯಲು ಹೋದ, ಎಡಗೈ ಸಾಲಲಿಲ್ಲ. ಅದು ರವದಿಯಲ್ಲಿ ಬಿತ್ತು.

"ಕೈ ಚಾಚಿ ಹಿಡೀಬೇಕಪಾ ದಶರಥ," ಎಂದ ವಿಶಾಲ. "ಹಾಂ, ಮರ್ತಿದ್ನಿ. ನಿನ್ನ ಕೈ ಚಾಚೂದಿಲ್ಲ, ಅಲ್ಲಾ?"

ಇಪ್ಪತ್ತೆರಡು ವರ್ಷದ ಹುಡುಗ. ಅವನು ಹುಟ್ಟಿದಾಗ ದಶರಥನೇ ಎತ್ತಿನ ಗಾಡಿ ಹೂಡಿಕೊಂಡು ಹೋಗಿ ಸೂಲಗಿತ್ತಿಯನ್ನು ಕರೆತಂದಿದ್ದ. ಬೈಕು ಧೂಳೆಬ್ಬಿಸಿ ಹೋಯಿತು.

ದಶರಥ ಬೆರಳು ಧೋತರಕ್ಕೆ ಒರೆಸಿಕೊಂಡು ಫೋನು ತೆರೆದ. ನೀಲಿ ಚಿತ್ರ ಇರುತ್ತಿದ್ದ ಜಾಗ ಖಾಲಿ ಇತ್ತು. ಗಾಜು ಉಜ್ಜಿದ. ಪಕ್ಕಕ್ಕೆ ಸರಿಸಿದ, ಮತ್ತೆ ಈಚೆಗೆ ಸರಿಸಿದ. ಕ್ಯಾಮರಾ ಇತ್ತು, ಗಡಿಯಾರ ಇತ್ತು, ವಿಶಾಲ ಹಾಕಿಕೊಂಡ ರಮ್ಮಿ ಆಟವೂ ಇತ್ತು. ನೀಲಿ ಚಿತ್ರವೊಂದೇ ಇರಲಿಲ್ಲ.

ಅಕ್ಕುತಾಯಿ ಬಗ್ಗಿ ನೋಡಿದಳು. "ಕಳದೈತೇನ್ರಿ?"

"ಗಾಜಿನ ಒಳಗಿನ ಚಿತ್ರ ಕಳಿಯಾಕ ಅದೇನ ಕಿವ್ಯಾನ ಬೆಂಡ್ವಾಲಿಯೇನ? ತಗದಾರ. ಬೇಕಂತನ ತಗದಾರ."

ಅವಳು ಹೊಲದ ಕಡೆ ನೋಡಿದಳು. ಬಿಳಿ ಗೊಬ್ಬರ ಬುಡಬುಡಕ್ಕೂ ಬಿದ್ದಿತ್ತು. ಈ ಬಿಸಿಲಿಗೆ ಮೂರು ದಿನ ನೀರಿಲ್ಲದಿದ್ದರೆ ಕುಳೆ ಸುಟ್ಟು ಹೋಗುತ್ತದೆ. ಈ ಪಾಳಿ ತಪ್ಪಿದರೆ ಇನ್ನೊಂದು ಬರುವುದು ಹನ್ನೆರಡು ದಿನಕ್ಕೆ. ಅಷ್ಟರಲ್ಲಿ ಎರಡೆಕರೆಯಲ್ಲಿ ಬೂದಿ ಬಿಟ್ಟು ಏನೂ ಉಳಿಯುವುದಿಲ್ಲ.

"ಸಾರಿಕಾ ಮನ್ಯಾಗ ಅದಾಳ. ಇವತ್ತು ಐತವಾರ. ಕರೀತೀನಿ, ತಡೀರಿ," ಎಂದಳು.

"ಕರಿ. ಫೋನು ನೀನ ಇಟ್ಕೋ, ಆಕಿಗಿ ತೋರ್ಸು. ನಾ ವಿರುಪಾಕ್ಷಪ್ಪನ ಕಡಿಂದ ಜಾಕ್‌ವೆಲ್ ಕೀಲಿ ಇಸಗೊಂಡು ಬರ್ತೀನಿ. ಕೈಲೆ ಬಟನ್ ಒತ್ತಿದ್ರ ಮೋಟರು ಹತ್ತೂದಿಲ್ಲೇನು?"

ಅವನು ಸಲಿಕೆ ಎತ್ತಿ ಹೆಗಲಿಗಿಟ್ಟ.

"ಕೀಲಿ ಕೇಳಾಕ ಸಲಿಕಿ ಯಾಕ್ರಿ?"

"ಬರ್ತಾ ನೀರು ತಿರಿವಿಕೊಂಡು ಬರಬೇಕಲ್ಲ."

"ಸಾರಿಕಾನ ಅಪ್ಪಾ," ಎಂದಳು ಅವಳು. ಅಷ್ಟರಲ್ಲಿ ಅವನು ಒಡ್ಡು ಹತ್ತಿ ಹೊರಟಿದ್ದ.

ವಿರುಪಾಕ್ಷಪ್ಪನ ದ್ರಾಕ್ಷಿ ಪಡದ ದಾರಿ ನಾಲ್ಕು ವರ್ಷದ ಹಿಂದಿನ ಒಂದು ವಾಲ್ವಿನ ಮುಂದೆ ಹಾದು ಹೋಗುತ್ತಿತ್ತು. ದಶರಥ ಅದನ್ನು ದಾಟುವಾಗ ಯಾವಾಗಲೂ ಇನ್ನೊಂದು ಮಗ್ಗುಲಿಗೆ ನೋಡುತ್ತಿದ್ದ. ಅವತ್ತು ನಿಂತು ನೋಡಿದ. ಅಂದು ಅವನು ತನ್ನ ಪಾಳಿಗೆ ಅರ್ಧ ತಾಸು ಮೊದಲೇ ವಾಲ್ವು ತಿರುವಿದ್ದ. ಕೈಗಡಿಯಾರ ಮುಂದಿತ್ತು, ಅಷ್ಟೇ. ವಿರುಪಾಕ್ಷಪ್ಪ ಹಿಂದಿನಿಂದ ಬಂದು ಸಲಿಕೆಯ ಕಾವಿನಿಂದ ಹೊಡೆದ. ಮೊದಲ ಪೆಟ್ಟಿಗೆ ಕೈ ಮುರಿಯಿತು. ಕೆಸರಿನಲ್ಲಿ ಬಿದ್ದವನ ಬೆನ್ನಿಗೆ ಮತ್ತೆ ಮೂರು ಬಿದ್ದವು. ಬಾಯಿಗೆ ಕೆಸರು ನೀರು ನುಗ್ಗಿ ಕೂಗುವುದಕ್ಕೂ ಆಗಿರಲಿಲ್ಲ. ಹಿರಿಯರು ಕೂತರು. ಕೇಸು ಬೇಡ ಅಂದರು. ಒಂದೇ ಪೈಪಿನ ನೀರು ಕುಡಿಯುವವರು ಅಂದರು. ಮಿರಜದ ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ದಶರಥ ಅವರು ಹೇಳಿಕೊಟ್ಟದ್ದನ್ನೇ ಹೇಳಿದ: ಬದುವಿನ ಮೇಲಿಂದ ಬಿದ್ದೆ. ವಿರುಪಾಕ್ಷಪ್ಪ ದವಾಖಾನೆಯ ಖರ್ಚು ಕೊಟ್ಟ. ತಪ್ಪಾತು ಎಂಬ ಮಾತು ಕೊಡಲಿಲ್ಲ. ಅಂದಿನಿಂದ ದಶರಥನ ಬಲಗೈಯಲ್ಲಿ ಒಂದು ಪೆಟ್ಟು ಉಳಿದುಕೊಂಡಿತ್ತು. ಅವನು ಅದನ್ನು ಯಾರಿಗೂ ತೋರಿಸಿರಲಿಲ್ಲ, ಎಲ್ಲಿಯೂ ಇಳಿಸಿರಲಿಲ್ಲ.

ಪಡದಲ್ಲಿ ಆಳುಗಳು ಊಟಕ್ಕೆ ಹೋಗಿದ್ದರು. ಬಳ್ಳಿಯ ಕೆಳಗಿನ ನೆರಳಿನಲ್ಲಿ ವಿರುಪಾಕ್ಷಪ್ಪ ಗೊನೆ ತುಂಬಿದ ಕ್ರೇಟುಗಳ ಮುಂದೆ ನಿಂತಿದ್ದ. ವಿಶಾಲ ಕೈಯಲ್ಲಿ ಕತ್ತರಿ ಹಿಡಿದು ಕೆಟ್ಟ ಕಾಳು ಕತ್ತರಿಸುತ್ತಿದ್ದ. ಗುಡಿಸಲಿನ ಕಂಬದ ಮೊಳೆಗೆ ಜಾಕ್‌ವೆಲ್ಲಿನ ಕೀಲಿ ತೂಗುತ್ತಿತ್ತು.

"ಸಾವಕಾರ್ರ, ಕೀಲಿ ಕೊಡ್ರಿ," ಎಂದ ದಶರಥ.

"ಯಾಕಲೇ? ಫೋನು ಮುಟ್ಟಲಿಲ್ಲೇನು?"

"ಮುಟ್ಟೇತ್ರಿ. ಒಳಗ ಮೆಸೇಜಿಂದು ಚಿತ್ರ ಇಲ್ಲ. ನಿಮ್ಮ ಕಡೆ ಇದ್ದಾಗ ತಗದೀರಿ."

ವಿರುಪಾಕ್ಷಪ್ಪ ಮಗನ ಕಡೆ ತಿರುಗಿದ. "ಕೇಳಿದೇನೋ ವಿಶಾಲ? ಮೆಸೇಜ್ ಹರಕೊಂಡೇವಂತ. ಅದೇನ ಬದನಿಕಾಯೇನಲೇ, ಹರಕೊಂಡು ಪಲ್ಯೆ ಮಾಡಾಕ?"

"ಒತ್ತಾಕ ಬರದವ್ರ ಕೈಯಾಗ ಕೊಟ್ರ ಹಿಂಗ ಆಗೂದು," ಎಂದ ವಿಶಾಲ. "ತಾನ ಅಳಿಸ್ಯಾನ. ಈಗ ನಮ್ಮ ಮ್ಯಾಲ ಹೇಳಾಕತ್ತಾನ."

"ನಾ ಅಳಿಸಿಲ್ಲ. ಪ್ಲಾಸ್ಟಿಕ್ ಬಿಚ್ಚಿ ನೋಡಿದಾಗನ ಇರಲಿಲ್ಲ. ಗೊಬ್ಬರ ಒಗದೇನ್ರಿ ಸಾವಕಾರ್ರ. ನೀರು ಕುಡೀಲಿಲ್ಲಂದ್ರ ಸುಡ್ತೈತಿ."

"ಸುಡಲಿ. ಫೋನು ಕೆಡಿಸಿದಂವಂದ ಹೊಲ ಸುಡಬೇಕು."

"ನನ್ನ ಪಾಳಿ ಐತಿ."

"ಪಾಳಿ!" ವಿರುಪಾಕ್ಷಪ್ಪ ಉಗುಳಿದ. "ನಿಮ್ಮಪ್ಪ ನಾಕು ಬುಟ್ಟಿ ಮಣ್ಣು ಹೊತ್ತಿದ್ದಕ್ಕ ನನ್ನ ಹೊಳಿ ಒಳಗ ನಿನಗ ಪಾಳಿ. ಕೀಲಿ ಕೊಟ್ರ ನಾಳೆ ಸ್ಟಾರ್ಟರನೂ ಅಳಿಸಿ ಬರ್ತಿ. ನಡಿ."

ದಶರಥ ನಡೆಯಲಿಲ್ಲ. ಗುಡಿಸಲಿನ ಕಂಬದ ಕಡೆ ಎರಡು ಹೆಜ್ಜೆ ಇಟ್ಟು ಕೀಲಿಗೆ ಬಲಗೈ ಹಾಕಿದ. ಅದಕ್ಕಾಗಿ ಸಲಿಕೆಯನ್ನು ಬಾಗಿದ ಎಡಗೈಯ ಸಂದಿಗೆ ಸಿಕ್ಕಿಸಿಕೊಂಡಿದ್ದ.

ವಿಶಾಲ ಹಿಂದಿನಿಂದ ಬಂದು ಕುತ್ತಿಗೆ ಹಿಡಿದ. ಹಿಡಿದು ಎಳೆದು ಪಡದ ಕಲ್ಲಿನ ಕಂಬಕ್ಕೆ ಮುಖ ಹೊಡೆಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ದಶರಥ ತಿರುಗಲು ನೋಡಿದಾಗ ತಲೆ ಬಳ್ಳಿಯ ತಂತಿಗೆ ಸಿಕ್ಕಿತು. ತಂತಿ ಗದ್ದದ ಕೆಳಗೆ ಕುಯ್ಯುತ್ತ ಹೋಯಿತು. ಹಣ್ಣಿನ ಗೊನೆಗಳು ಒಡೆದು ಸಿಹಿ ನೀರು ಗಾಯಕ್ಕೆ ಇಳಿದು ಉರಿಯಿತು. ಅವನು ಮೊಳಕೈಯಿಂದ ಹಿಂದಕ್ಕೆ ತಿವಿದ. ವಿಶಾಲನ ಕೈಯಲ್ಲಿದ್ದ ಕತ್ತರಿ ದಶರಥನ ಕೆನ್ನೆಯಲ್ಲಿ ಇಳಿದು ಹಲ್ಲಿಗೆ ತಾಗಿತು. ಬಾಯೊಳಗೆ ಕಬ್ಬಿಣದ ರುಚಿ ಬಂತು.

"ಹಿಡಿ ಅಂವನ್ನ!" ಎನ್ನುತ್ತ ವಿರುಪಾಕ್ಷಪ್ಪ ಬಂದು ಕಾಲಿನಿಂದ ಹೊಟ್ಟೆಗೆ ಒದ್ದ. ದಶರಥ ಮಂಡಿಯೂರಿದ. ಇನ್ನೊಂದು ಒದೆತ ಪಕ್ಕೆಗೆ ಬಿತ್ತು. ವಿರುಪಾಕ್ಷಪ್ಪ ಬಗ್ಗಿ, ಅವನ ಬಲಗೈಯ ಮಣಿಕಟ್ಟನ್ನು ಚಪ್ಪಲಿಯ ಕೆಳಗೆ ಅದುಮಿ ಹಿಡಿದು, ಕಿವಿಯ ಹತ್ತಿರ ಕೇಳಿದ:

"ಈ ಕೈನೂ ಆ ಕೈ ಹಂಗ ಮಾಡ್ಲೇನಲೇ?"

ದಶರಥನಿಗೆ ಆಮೇಲೆ ನೆನಪಿದ್ದದ್ದು ಆ ಮಾತೊಂದೇ. ಉಳಿದದ್ದನ್ನು ಕೈ ಮಾಡಿತು. ಅವನು ವಿರುಪಾಕ್ಷಪ್ಪನ ಮೀನಖಂಡಕ್ಕೆ ಬಾಯಿ ಹಾಕಿ, ಕೆನ್ನೆಯ ಗಾಯವನ್ನೂ ಎಣಿಸದೆ ಕಚ್ಚಿದ. ಚಪ್ಪಲಿ ಸಡಿಲಾಯಿತು. ಸಲಿಕೆ ಕೈಗೆ ಸಿಕ್ಕಿತು. ಕೂತಲ್ಲಿಂದಲೇ ಬೀಸಿದ ಕಾವು ವಿಶಾಲನ ಮೊಳಕಾಲಿನ ಕೆಳಗಿನ ಎಲುಬಿಗೆ ಬಡಿಯಿತು. ಹುಡುಗ "ಆಯೀ!" ಎಂದು ಕೂಗಿ ಕ್ರೇಟುಗಳ ಮೇಲೆ ಬಿದ್ದ. ಕ್ರೇಟುಗಳು ಉರುಳಿದವು. ದಶರಥ ಎದ್ದ.

ವಿರುಪಾಕ್ಷಪ್ಪ ಹಿಂದೆ ಸರಿಯುವಾಗ ತುಳಿದ ದ್ರಾಕ್ಷಿಯಲ್ಲಿ ಜಾರಿ ಕುಳಿತುಬಿಟ್ಟ. ಎಡಗೈ ತಲೆಯ ಮೇಲೆ ಅಡ್ಡ ಹಿಡಿದ.

ನಾಲ್ಕು ವರ್ಷದ ಪೆಟ್ಟು ಆ ಕೈಯ ಮೇಲೆ ಬಿತ್ತು. ಒಣ ಕಬ್ಬು ಮಂಡಿಗೆ ಹಾಕಿ ಮುರಿದ ಹಾಗೆ ಸಪ್ಪಳವಾಯಿತು. ವಿರುಪಾಕ್ಷಪ್ಪನ ಬಾಯಿ ತೆರೆಯಿತು. ಕೂಗು ಹೊರಗೆ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಪಡದಾಚೆಯ ಬೇವಿನ ಮರದಿಂದ ಗಿಣಿಗಳು ಎದ್ದವು.

ದಶರಥ ಸಲಿಕೆಯನ್ನು ಕೈಯಲ್ಲಿ ತಿರುಗಿಸಿದ. ಈಗ ಕಬ್ಬಿಣದ ಬಾಯಿ ಕೆಳಗಿತ್ತು. ತಲೆಯ ಮೇಲೆ ಎತ್ತಿದ. ಕೆಳಗೆ ವಿರುಪಾಕ್ಷಪ್ಪನ ನೆತ್ತಿ ಕಾಣುತ್ತಿತ್ತು, ಕೂದಲು ಉದುರಿ ಬೆವೆತ ನೆತ್ತಿ. ವಿಶಾಲ ಬಿದ್ದಲ್ಲಿಂದಲೇ, "ಕಾಕಾ, ಬ್ಯಾಡೋ ಕಾಕಾ," ಎನ್ನುತ್ತಿದ್ದ. ಹುಟ್ಟಿದ ಮೇಲೆ ಮೊದಲ ಸಲ ಕಾಕಾ ಅಂದಿದ್ದ.

ಆಗ ಪಡದ ಮೂಲೆಯಲ್ಲಿ ಪೈಪಿನ ಗಾಳಿಯ ವಾಲ್ವು ಸುಸ್ಸೆಂದಿತು.

ಆ ಸಪ್ಪಳ ಮೂವರಿಗೂ ಗೊತ್ತಿತ್ತು. ಮೋಟರು ಹತ್ತಿದರೆ ಮೊದಲು ಪೈಪಿನೊಳಗಿನ ಗಾಳಿ ಹೊರಗೆ ಬರುತ್ತದೆ. ಆಮೇಲೆ ಕೆಮ್ಮಿದ ಹಾಗೆ ಎರಡು ಸಲ ನೀರು ಉಗುಳುತ್ತದೆ. ಆಮೇಲೆ ಸುಮ್ಮನಾಗುತ್ತದೆ, ಅಂದರೆ ನೀರು ತುಂಬಿಕೊಂಡಿತು ಎಂದು. ದಶರಥ ಸಲಿಕೆ ಎತ್ತಿಕೊಂಡೇ ಕೇಳುತ್ತ ನಿಂತ. ವಾಲ್ವು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಸುಮ್ಮನಾಯಿತು. ನೀರು ಅವರ ಕಾಲ ಕೆಳಗಿನಿಂದ ಅವನ ಹೊಲದ ಕಡೆ ಹೋಗುತ್ತಿತ್ತು.

ಸಲಿಕೆ ತಾನಾಗಿ ಕೆಳಗಿಳಿಯಿತು.

"ಯಾರು ಹಚ್ಚಿದ್ರು?" ಎಂದ ವಿರುಪಾಕ್ಷಪ್ಪ, ಮುರಿದ ಕೈಯನ್ನು ಎದೆಗೆ ಅವಚಿಕೊಂಡು. ಅಂಥ ನೋವಿನಲ್ಲೂ ಅವನು ಕೇಳಿದ್ದು ಅದನ್ನೇ.

ಸ್ಕೂಟಿಯ ಸಪ್ಪಳ ಬಂತು. ಸಾರಿಕಾ ಪಡದ ಬಾಯಲ್ಲಿ ಅದನ್ನು ಹಾಗೇ ಕೆಡವಿ ಓಡಿ ಬಂದಳು, ಕೈಯಲ್ಲಿ ಫೋನಿತ್ತು. "ಅಪ್ಪಾ, ಬಂತು, ಬಂತಪಾ," ಎನ್ನುತ್ತ ಬಂದವಳು ಅಪ್ಪನ ಮುಖ ನೋಡಿ ನಿಂತಳು. ಒಡೆದ ಹುಬ್ಬು, ತೂತಾದ ಕೆನ್ನೆ. ಆಮೇಲೆ ಕೆಳಗಿದ್ದವನನ್ನು ನೋಡಿದಳು.

"ಅದು ಎಲ್ಲೂ ಹೋಗಿರಲಿಲ್ಲ," ಎಂದಳು, ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೇ ತಿಳಿಯದೆ. "ಫೋನಿನ ಜೋಡಿನ ಬಂದಿದ್ದು ಅದು, ಪೂರಾ ಹೋಗೂದಿಲ್ಲ. ಯಾರೋ ಬಂದ್ ಮಾಡಿದ್ರು, ಅಷ್ಟ. ಸೆಟ್ಟಿಂಗ್ ಒಳಗ ಎಲ್ಲಾದರ ಹೆಸರು ಇರ್ತಾವ, ಕೆಳಗ ಬೂದಿ ಬಣ್ಣ ಆಗಿ ಕುಂತಿತ್ತು. ಚಾಲೂ ಮಾಡು ಅಂತ ಒತ್ತಿದ್ನಿ. ಮೆಸೇಜಿಗೆ ಇದನ್ನ ಇಡ್ಲೇನು ಅಂತ ಕೇಳ್ತು, ಹೂಂ ಅಂದ್ನಿ. ಹಳೇವೆಲ್ಲಾ ಹಂಗ ಅದಾವ. ಎರಡ ನಿಮಿಷದ ಕೆಲಸಪಾ. ಎರಡ ನಿಮಿಷ ನಿಂದರಬೇಕಿತ್ತು."

ಅವಳು ಫೋನು ಅಪ್ಪನ ಮುಂದೆ ಹಿಡಿದಳು. ನೀಲಿ ಚಿತ್ರ ಇದ್ದಲ್ಲೇ ಇತ್ತು.

ಮಣೂಕ ಶೆಡ್ಡಿನ ಕಡೆಯಿಂದ ವಿರುಪಾಕ್ಷಪ್ಪನ ಹೆಂಡತಿ ಶಿವಗಂಗವ್ವ ಕೂಗು ಕೇಳಿ ಬಂದಿದ್ದಳು. ಗಂಡನ ಪಕ್ಕದಲ್ಲಿ ಕುಸಿದು ಕೂತವಳು ಸಾರಿಕಾಳ ಮಾತು ಕೇಳಿ ತಲೆ ಎತ್ತಿದಳು.

"ಯಾವ ಚಿತ್ರಬೇ?" ಎಂದಳು. "ಆ ನೀಲಿದೇನು?"

"ಹೌದ್ರಿ ಕಾಕು."

ಶಿವಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ತೆಗೆದಾಗ ಮಾತು ತುಂಡುತುಂಡಾಗಿ ಬಂತು. "ನಾನ ತಗದೇನಿ. ಅದು ಸುಮ್ನಿರವಲ್ದಾಗಿತ್ತು. ಕರೆಂಟ್ ಹೋದ್ರ ಟುಂಯ್ ಅಂತೈತಿ, ಬಂದ್ರ ಟುಂಯ್ ಅಂತೈತಿ. ಮೋಟರ ಸುದ್ದಿ ಕಳಸ್ತೈತೆಲ್ಲ, ಅದು. ಮೂರು ರಾತ್ರಿ ಕಣ್ಣ ಮುಚ್ಚಿಲ್ಲ ನಾ. ಇವ್ರು ಗೊರಕಿ ಹೊಡೀತಾರ, ಅದು ನನ್ನ ತಲಿದಿಂಬಿನ ಕಡೇನ ಇರ್ತೈತಿ. ಆ ಚಿತ್ರದ ಮ್ಯಾಲ ಕೆಂಪು ಅಂಕಿ ಕಾಣ್ತು. ಒತ್ತಿ ಹಿಡದ್ನಿ, ಏನೋ ಕೇಳ್ತು, ಹೂಂ ಅಂತ ಒತ್ತಿದ್ನಿ. ಸಪ್ಪಳಷ್ಟ ಹೋತು ಅನಕೊಂಡಿದ್ನಿ. ನೀರೂ ಹೋಗ್ತೈತಿ ಅಂತ ನನಗೇನ ಗೊತ್ತು?"

ಸಾರಿಕಾ ಫೋನಿನಲ್ಲಿ ಬೆರಳಾಡಿಸಿದಳು. ಹಿಂದಿನ ಮೂರು ರಾತ್ರಿಯ ಸುದ್ದಿಗಳು ಒಂದರ ಕೆಳಗೊಂದು ನಿಂತಿದ್ದವು: ಪವರ್ ಆಫ್, ಪವರ್ ಆನ್, ಪವರ್ ಆಫ್. ಕೊನೆಯದು ನಸುಕಿನ ಮೂರು ಗಂಟೆಯದು.

ವಿರುಪಾಕ್ಷಪ್ಪ ಹೆಂಡತಿಯನ್ನು ನೋಡಿದ, ದಶರಥನನ್ನು ನೋಡಿದ. ಅವನ ಮುಖ ಮೇಣದ ಹಾಗೆ ಬೆಳ್ಳಗಾಗಿತ್ತು. "ಗಾಡಿ ತಗೀರಿ," ಎಂದಷ್ಟೇ ಅಂದ.

ಮಿರಜದ ದವಾಖಾನೆಗೆ ಮೂವರನ್ನೂ ಒಂದೇ ಜೀಪಿನಲ್ಲಿ ಒಯ್ದರು. ಊರಲ್ಲಿ ಆ ಹೊತ್ತಿಗೆ ಸಿಕ್ಕಿದ್ದು ಅದೊಂದೇ. ವಿಶಾಲ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ. ದಶರಥ ಮುಂದೆ, ಕೆನ್ನೆಗೆ ಟವೆಲು ಒತ್ತಿಕೊಂಡು. ಒಂದೊಂದು ಗುಂಡಿಗೂ ಹಿಂದಿನಿಂದ ವಿರುಪಾಕ್ಷಪ್ಪನ ಹಲ್ಲು ಕಚ್ಚಿದ ಸಪ್ಪಳ ಕೇಳುತ್ತಿತ್ತು. ಆ ನೋವು ಎಲ್ಲಿ ಏಳುತ್ತದೆ, ಎಲ್ಲಿವರೆಗೆ ಹೋಗುತ್ತದೆ ಎಂಬುದು ದಶರಥನಿಗೆ ಚೆನ್ನಾಗಿ ಗೊತ್ತಿತ್ತು. ಖುಷಿಯಾಗಬೇಕಾಗಿತ್ತು.

ಹೇಗಾಯಿತೆಂದು ಡಾಕ್ಟರು ಕೇಳಿದರು. ವಿರುಪಾಕ್ಷಪ್ಪ ಗೋಡೆಯ ಕಡೆ ನೋಡುತ್ತ ಹೇಳಿದ: "ಬದುವಿನ ಮ್ಯಾಲಿಂದ ಬಿದ್ನಿ."

"ಇವರು?"

"ನನ್ನ ಹಿಡಿಯಾಕ ಬಂದು ಅವರೂ ಬಿದ್ರು."

ದಶರಥನ ಕೆನ್ನೆಗೆ ಏಳು ಹೊಲಿಗೆ ಬಿದ್ದವು. ಸೂಜಿ ಆಡುವಾಗೆಲ್ಲ ಅವನು ಆ ಮಾತನ್ನೇ ಯೋಚಿಸುತ್ತಿದ್ದ. ಅದು ಅವನದೇ ಮಾತು. ನಾಲ್ಕು ವರ್ಷದ ಹಿಂದೆ ಅವನ ಬಾಯಿಗೆ ತುರುಕಿದ್ದನ್ನು ವಿರುಪಾಕ್ಷಪ್ಪ ಈಗ ಎಲ್ಲರೆದುರಿಗೆ ವಾಪಸ್ಸು ತೆಗೆದುಕೊಂಡಿದ್ದ.

ಕುಳೆ ಸುಡಲಿಲ್ಲ. ಮೂರು ದಿನ ಅಕ್ಕುತಾಯಿ ಮತ್ತು ಸಾರಿಕಾ ನೀರು ತಿರುವಿದರು. ಆಮೇಲೆ ಫೋನು ಉಳಿದಿಬ್ಬರು ಪಾಲುದಾರರಲ್ಲಿ ಮೊದಲು ಜಿನಮತಿಯ ಮನೆಗೆ ಹೋಯಿತು, ಅಲ್ಲಿಂದ ಜ್ಞಾನದೇವನಲ್ಲಿಗೆ, ಅಲ್ಲಿಂದ ವಿರುಪಾಕ್ಷಪ್ಪನಲ್ಲಿಗೆ. ಹನ್ನೆರಡನೆಯ ದಿನ ನಡು ಮಧ್ಯಾಹ್ನ ದಶರಥ ಒಡ್ಡಿನ ಮೇಲೆ ನಿಂತು ಬೈಕಿನ ದಾರಿ ನೋಡುತ್ತಿದ್ದ. ಬೈಕು ಬರಲಿಲ್ಲ. ಶಿವಗಂಗವ್ವ ಸೆರಗು ತಲೆಗೆ ಹೊದ್ದು ಬಿಸಿಲಲ್ಲಿ ನಡೆದು ಬಂದಳು. ಪ್ಲಾಸ್ಟಿಕ್ಕು ಬಿಚ್ಚಿ, ಫೋನನ್ನು ಅವನ ಬಲಗೈಯಲ್ಲಿಟ್ಟಳು.

"ನೋಡ್ಕೋ. ಐತೇನು?"

ನೀಲಿ ಚಿತ್ರ ಇತ್ತು. "ಐತ್ರಿ."

"ಸಾರಿಕಾ ಸಪ್ಪಳ ಸಣ್ಣ ಮಾಡಿ ಕೊಟ್ಟಾಳ. ಈಗ ಬರೇ ನಡಗ್ತೈತಿ."

"ಸಾವಕಾರ್ರ ಕೈ?"

"ಪಟ್ಟಿ ಹಾಕ್ಯಾರ. ಪೂರಾ ಚಾಚೂದಿಲ್ಲೇನೋ ಅಂದಾನ ಡಾಕ್ಟರು." ಅವಳು ಅವನ ಎಡಗೈ ನೋಡಿ ಕಣ್ಣು ತಿರುಗಿಸಿದಳು. "ಇವ್ರು ಅಂತಾರ, ದಶರಥಗ ಹೇಳು, ಲೆಕ್ಕ ಮುಗೀತು ಅಂತ."

ದಶರಥ ಹೊಲಿಗೆಯ ಗುರುತು ಸವರಿಕೊಂಡ. ಅವಳು ಹೋಗದೆ ನಿಂತಿದ್ದಳು. ಅವಳಿಗೆ ಬೇಕಾದದ್ದು ಏನೆಂದು ಅವನಿಗೆ ಗೊತ್ತಿತ್ತು. ಅವನೂ ನಾಲ್ಕು ವರ್ಷ ಅದೊಂದು ಮಾತಿಗೇ ಕಾದವನು. ಇಟ್ಟುಕೊಂಡಿದ್ದ ಪೆಟ್ಟು ಖರ್ಚಾಗಿತ್ತು, ಅದೂ ವಿರುಪಾಕ್ಷಪ್ಪ ಮಾಡದ ತಪ್ಪಿಗೆ. ಮಾಡಿದ ತಪ್ಪು ಹಾಗೇ ಉಳಿದಿತ್ತು. ಇನ್ನು ಅದನ್ನು ಕೇಳುವ ಬಾಯಿ ಅವನಿಗಿರಲಿಲ್ಲ. ಇವಳ ಮುಂದೆ ತಪ್ಪಾತು ಅನ್ನೋಣವೆಂದರೆ ನಾಲಿಗೆ ಆ ತೂತಾಗಿದ್ದ ಕೆನ್ನೆಯ ಒಳಗೆ ಸಿಕ್ಕಿಕೊಂಡಿತು.

"ಬಿಸಿಲಾಗೇತ್ರಿ ಅವ್ವಾರ," ಎಂದ. "ನಡೀರಿ."

ಶಿವಗಂಗವ್ವ ಬಂದ ದಾರಿಯಲ್ಲೇ ಹೊರಟಳು. ಅವಳು ಒಡ್ಡಿನ ತಿರುವು ದಾಟುವ ತನಕ ಅವನು ನೋಡಿದ. ಆಮೇಲೆ ನೀಲಿ ಚಿತ್ರ ಒತ್ತಿ ಮೋಟರಿಗೆ ಎರಡಕ್ಷರ ಕಳಿಸಿದ.